ಜೂನ್ ಒಂದು, ಚೌಕಾಬಾರ ಮತ್ತು ಮಾರಿಯೋ

ಅಕ್ಕನ ಮಗನಿಗೆ ಏಳು ತುಂಬಲು ಮೂರು ವಾರ ಇರುವಾಗ ಫೋನ್ ಬಂತು. "ಮಾಮಾ, ನನ್ನ ಬರ್ತ್‌ಡೇ ಮಾರಿಯೋ ಬರ್ತ್‌ಡೇ ಆಗ್ಬೇಕು." ನಾನು ಹೂಂ ಅಂದಮೇಲೆ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಅವನಿಗೆ ಹೂಂ ಅನ್ನಬ್ಯಾಡೋ, ಡೆಕೋರೇಶನ್‌ನವರು ಹದಿನೆಂಟು ಸಾವಿರ ಅಂತಾರ." ತಡವಾಗಿತ್ತು. ಜವಳ ತೆಗೆಸುವಾಗ, ಕಿವಿ ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಅದೇ ಲೆಕ್ಕದಲ್ಲಿ ಮಾರಿಯೋನೂ ನನ್ನ ತೊಡೆಗೇ ಬಂದು ಕೂತ. ನನ್ನ ಫೆಲೋಶಿಪ್ ಹಣ ಐದು ತಿಂಗಳಿಂದ ಬಂದಿರಲಿಲ್ಲ. ಆದ್ದರಿಂದ ಏನು ಮಾಡಿದರೂ ಮನೆಯಲ್ಲೇ, ಕೈಯಲ್ಲೇ ಮಾಡಬೇಕು ಎನ್ನುವುದು ತಂತಾನೇ ತೀರ್ಮಾನವಾಯಿತು. ದಾವಣಗೆರೆಯಲ್ಲಿ ಅಕ್ಕನದು ಬಾಡಿಗೆ ಮನೆ, ಮಾಳಿಗೆ ಮಾಲೀಕರದು. ಹರಿಹರದಲ್ಲಿ ಅಪ್ಪ ಅಮ್ಮನ ಮನೆಗೆ ಒಳ್ಳೆಯ ಮಾಳಿಗೆ ಇದೆ. ಬಸ್ಸಿನಲ್ಲಿ ಅರ್ಧ ಗಂಟೆ. ಅಲ್ಲೇ ಎಂದಾಯಿತು.

ಅಪ್ಪನಿಗೆ ವಿಷಯ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತದೆ ಅಂದರು: "ಹುಟ್ಟಿದಬ್ಬ ಮಾಡ್ರಿ, ಬ್ಯಾಡ ಅನ್ನಲ್ಲ. ಆದ್ರ ಈ ಪರದೇಶದ ಗೊಂಬಿ ಯಾಕ? ನಮ್ಮದು ಅಂಬೋದು ಏನೂ ಇಲ್ಲೇನು?"

ಇತಿಹಾಸ ಓದುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಯಾರಾದರೂ 'ನಮ್ಮದು', 'ಪರರದು' ಎಂದರೆ ಸಾಕು, ಯಾವುದು ಯಾವಾಗ ಬಂತು ಎಂದು ಹುಡುಕಲು ಹೊರಡುತ್ತೇವೆ. ಅಪ್ಪನ ಲೆಕ್ಕದಲ್ಲಿ ಹುಟ್ಟುಹಬ್ಬ ನಮ್ಮದು, ಆಟ ಹೊರಗಿನದು. ಹುಡುಕಿದಷ್ಟೂ ನನಗೆ ಅದು ತಿರುಗುಮುರುಗಾಗಿ ಕಾಣತೊಡಗಿತು.

ಹುಟ್ಟುಹಬ್ಬವನ್ನೇ ನೋಡಿ. ಹಳೆಯ ಮೈಸೂರು ಸಂಸ್ಥಾನದಲ್ಲಿ ಊರಿಗೆಲ್ಲ ಗೊತ್ತಾಗುವಂತೆ ನಡೆಯುತ್ತಿದ್ದ ಹುಟ್ಟುಹಬ್ಬ ಮಹಾರಾಜರದು. ಅದಕ್ಕೆ ವರ್ಧಂತಿ ಎಂದು ಹೆಸರು. ಆಚಾರವಂತರ ಮನೆಗಳಲ್ಲಿ ಜನ್ಮನಕ್ಷತ್ರ ನೋಡಿ ಎಣ್ಣೆ ಸ್ನಾನ, ಪಾಯಸ, ಹೆಚ್ಚೆಂದರೆ ಆಯುಷ್ಯ ಹೋಮ. ಉಳಿದವರಿಗೆ ಹುಟ್ಟಿದ ದಿನ ಎನ್ನುವುದು ತಾರೀಖಾಗಿರಲಿಲ್ಲ. ಅದೊಂದು ನೆನಪಾಗಿತ್ತು. ಪ್ಲೇಗಿಗೆ ಊರು ಬಿಟ್ಟ ವರ್ಷ, ಹೊಳೆ ಬಂದು ಗದ್ದೆ ಮುಳುಗಿದ ವರ್ಷ, ಜೋಳ ತೆನೆ ಕಟ್ಟುವ ಹೊತ್ತು. ನಾವೀಗ ಕೇಕಿನ ಮುಂದೆ ಹಾಡುವ ಹಾಡಿನ ಧಾಟಿ ಅಮೆರಿಕದ ಕೆಂಟಕಿಯ ಇಬ್ಬರು ಅಕ್ಕತಂಗಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ನಮಸ್ಕಾರ ಹೇಳಿಸಲು 1893ರಲ್ಲಿ ಪ್ರಕಟಿಸಿದ್ದು. ಜನನ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದು 1969ರಲ್ಲಿ. ಶಾಲೆಗೆ ಸೇರಿಸಲು ಜನನ ಪ್ರಮಾಣಪತ್ರವೊಂದೇ ಸಾಕು ಎಂಬ ತಿದ್ದುಪಡಿ ಜಾರಿಯಾದದ್ದು 2023ರ ಅಕ್ಟೋಬರ್ 1ರಿಂದ. ಈ ಎರಡು ವರ್ಷಗಳ ನಡುವೆ, ಮತ್ತು ಅದಕ್ಕೂ ಹಿಂದೆ, ನಮ್ಮ ಹಳ್ಳಿಗಳ ಮಕ್ಕಳಿಗೆ ಹುಟ್ಟಿದ ದಿನವನ್ನು ಕೊಟ್ಟವರು ಬಹುಪಾಲು ಶಾಲೆಯ ಹೆಡ್‌ಮಾಸ್ತರರು.

ಇದು ನನ್ನ ಪಿಎಚ್‌.ಡಿ. ವಿಷಯದ ಅಂಚಿಗೆ ತಾಗುವ ಮಾತು. ಹಳೆಯ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ನಾಲ್ಕು ವರ್ಷದಿಂದ ತಿರುವಿ ಹಾಕುತ್ತಿದ್ದೇನೆ. ಹೆಸರು, ತಂದೆಯ ಹೆಸರು, ಕಸುಬು, ಊರು ಇವೆಲ್ಲ ಸಾಲಿನಿಂದ ಸಾಲಿಗೆ ಬದಲಾಗುತ್ತವೆ. ಜನ್ಮ ದಿನಾಂಕದ ಕಾಲಮಿಗೆ ಬಂದರೆ ಜೂನ್ 1, ಜೂನ್ 1, ಅದರ ಕೆಳಗೆ ಮತ್ತೆ ಜೂನ್ 1. ಒಂದೇ ಮಸಿ, ಒಂದೇ ಕೈ. ಶಾಲೆ ಶುರುವಾಗುವುದು ಜೂನಿನಲ್ಲಿ. ಹುಡುಗ ತಲೆಯ ಮೇಲಿಂದ ಕೈ ಹಾಕಿ ಆಚೆ ಬದಿಯ ಕಿವಿ ಮುಟ್ಟಿದರೆ ವಯಸ್ಸಾಗಿದೆ ಎಂದು ಅರ್ಥ. ಐದೋ ಆರೋ ಹಿಂದಕ್ಕೆ ಎಣಿಸಿ ಒಂದು ಇಸವಿ ಬರೆದರೆ ಮುಗಿಯಿತು. ಇದರ ಬಗ್ಗೆ ಒಂದು ಸೆಮಿನಾರಿನಲ್ಲಿ ಪ್ರಬಂಧವನ್ನೂ ಓದಿದ್ದೇನೆ, ಜನ ನಕ್ಕಿದ್ದರು. ನಾನೂ ನಗಿಸುವಂತೆಯೇ ಓದಿದ್ದೆ.

ಅಪ್ಪನ ಆಧಾರ್ ಕಾರ್ಡಿನಲ್ಲೂ ಜೂನ್ 1 ಇದೆ. ಅದು ನನಗೆ ಗೊತ್ತೇ ಇತ್ತು. ಆದರೆ ಅದರ ಬಗ್ಗೆ ಅಪ್ಪನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಮೊಮ್ಮಗನ ಪಾರ್ಟಿಗೆಂದು ರಟ್ಟಿನ ಡಬ್ಬಗಳನ್ನು ಕತ್ತರಿಸುತ್ತ ಕೂತಿದ್ದ ಒಂದು ಭಾನುವಾರ ಅವರಾಗಿಯೇ ಹೇಳಿದರು. ಚಿಕ್ಕವರಿದ್ದಾಗ ಅವರ ಕೈ ಉದ್ದವಂತೆ. ನಾಲ್ಕರ ಹುಡುಗ, ಅಣ್ಣನ ಹಿಂದೆ ಶಾಲೆಗೆ ಹೋದವನು, ಮಾಸ್ತರರು ಆಟಕ್ಕೆಂದು ಕಿವಿ ಮುಟ್ಟು ಅಂದರೆ ಮುಟ್ಟಿಬಿಟ್ಟರು. ಅವತ್ತೇ ಹೆಸರು ಹಚ್ಚಿದರು, ಎರಡು ವರ್ಷ ಹೆಚ್ಚಿಗೆ ಬರೆದು. ಮುಂದೆ ಅಪ್ಪ ಹರಿಹರದಲ್ಲಿ ಟರ್ನರ್ ಆದರು, ಇಡೀ ಆಯುಷ್ಯ ಲೇತಿನ ಮುಂದೆ ನಿಂತರು. ಐವತ್ತೆಂಟಕ್ಕೆ ನಿವೃತ್ತಿ. ಕಾಗದದ ಐವತ್ತೆಂಟು, ಮೈಯ ಐವತ್ತಾರು. "ಎರಡು ವರ್ಷದ ಪಗಾರ ಕಿವಿ ಮುಟ್ಟಿದ್ದಕ್ಕ ಹೋತು ನೋಡು" ಎಂದು ನಕ್ಕರು. ಆ ಎರಡು ವರ್ಷಗಳಲ್ಲೇ ಅಕ್ಕನ ಮದುವೆಯ ಸಾಲ ತೀರಿಸಬೇಕಿತ್ತು ಎಂಬುದು ನನಗೆ ನೆನಪಿದೆ. ನಾನು ಡಿಗ್ರಿ ಮುಗಿಸಿ ಒಂದು ವರ್ಷ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಹೋದದ್ದು ಅದೇ ಸಮಯದಲ್ಲಿ. ಸೆಮಿನಾರಿನಲ್ಲಿ ನಕ್ಕವರ ಮುಖಗಳು ಕಣ್ಣ ಮುಂದೆ ಬಂದವು. ರಟ್ಟು ಕತ್ತರಿಸುವುದನ್ನು ಮುಂದುವರಿಸಿದೆ.

ಇನ್ನು ಆಟದ ಕಡೆಗೆ ಬರೋಣ. ಪರದೇಶದ್ದು ಎನಿಸಿಕೊಂಡ ಆಟ ಎಷ್ಟು ಪರದೇಶದ್ದು?

ಮಾರಿಯೋನನ್ನು ಮಾಡಿದ ನಿಂಟೆಂಡೊ ಕಂಪನಿ ಶುರುವಾದದ್ದು 1889ರಲ್ಲಿ, ಜಪಾನಿನ ಕ್ಯೋಟೋ ನಗರದಲ್ಲಿ. ಆಗ ಅದು ಮಾಡುತ್ತಿದ್ದುದು ಹನಾಫುದಾ ಎಂಬ ಕೈಯಿಂದ ತಯಾರಿಸಿದ ಇಸ್ಪೀಟು ಎಲೆಗಳನ್ನು: ತಿಂಗಳಿಗೊಂದು ಹೂವು, ಒಟ್ಟು 48 ಎಲೆ. ಇದನ್ನು ಓದಿದ ಕೂಡಲೇ ಕನ್ನಡದವರಿಗೆ ಮೈಸೂರಿನ ಗಂಜೀಫಾ ನೆನಪಾಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಹುಡುಗನಾಗಿ 1799ರಲ್ಲಿ ಪಟ್ಟಕ್ಕೆ ಬಂದವರು. 1830ರ ನಗರ ದಂಗೆಯ ಕಾವು ಈಗ ನಮ್ಮ ಜಿಲ್ಲೆಯಲ್ಲಿರುವ ಹೊನ್ನಾಳಿಯವರೆಗೂ ಹಬ್ಬಿತ್ತು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಿ ಬರಲಿಲ್ಲ. ರಾಜ್ಯ ಇಲ್ಲದ ಈ ರಾಜ ಆಟಗಳನ್ನು ಕಟ್ಟಿದರು. ಚದುರಂಗದಲ್ಲಿ ಕುದುರೆ ಒಂದೇ ಮನೆಗೆ ಎರಡು ಸಲ ಬಾರದಂತೆ ಎಲ್ಲ ಮನೆ ಸುತ್ತುವ ಬಗೆಗಳನ್ನು ಹೆಣೆದರು. ಮುನ್ನೂರಕ್ಕೂ ಹೆಚ್ಚು ಎಲೆಗಳಿರುವ ಗಂಜೀಫಾ ಕಟ್ಟುಗಳನ್ನು ರೂಪಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬ ಒಂದು ಭಾಗ ಆಟಗಳಿಗೇ ಮೀಸಲು. ದರ್ಬಾರಿನಲ್ಲಿ ನಡೆಯದ ತನ್ನ ಮಾತನ್ನು ಮಣೆಯ ಮೇಲಾದರೂ ನಡೆಸಿಕೊಂಡರೇನೋ. ಇದು ನನ್ನ ಊಹೆ, ನನ್ನ ಮಾರ್ಗದರ್ಶಕರು ಒಪ್ಪುವುದಿಲ್ಲ.

ಒಂದು ಕಡೆ ಎಲೆ ಬರೆಯುವ ಕೈಗಳು ಕಾರ್ಖಾನೆಯಾಗಿ, ಕಾರ್ಖಾನೆ ವಿಡಿಯೋ ಗೇಮ್ ಕಂಪನಿಯಾಯಿತು. ಇನ್ನೊಂದು ಕಡೆ ಅದೇ ಕಸುಬು ಕೆಲವು ಕಲಾವಿದರ ಕೈಯಲ್ಲಿ, ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಉಳಿಯಿತು. ನಾವು ಆಡುತ್ತಿದ್ದ ಪಗಡೆಯ ಸರಳ ರೂಪಕ್ಕೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿ, ಅದು ಲೂಡೋ ಎಂಬ ಹೆಸರಿನಲ್ಲಿ ರಟ್ಟಿನ ಡಬ್ಬದಲ್ಲಿ ನಮಗೇ ವಾಪಸು ಬಂತು. ಜಾಗರಣೆಯ ರಾತ್ರಿ ಆಡುತ್ತಿದ್ದ ಪರಮಪದ ಸೋಪಾನದ ಕಥೆಯೂ ಅದೇ. ಪಾಪ ಪುಣ್ಯದ ಹೆಸರುಗಳನ್ನು ಕಳಚಿಕೊಂಡು ಹಾವು ಏಣಿ ಆಟವಾಗಿ ಬಂತು. ಹಂಪಿಯ ಮಂಟಪಗಳ ನೆಲದಲ್ಲಿ ಕಲ್ಲಿಗೇ ಕೊರೆದ ಆಟದ ಮನೆಗಳನ್ನು ನೋಡಿದವರಿಗೆ ಗೊತ್ತು, ಆಟ ಬರೆದುಕೊಳ್ಳಲು ಇಲ್ಲಿ ಯಾರೂ ಅಂಗಡಿಗೆ ಹೋಗುತ್ತಿರಲಿಲ್ಲ.

ಹಾಗಾಗಿ ಮಾಳಿಗೆಯ ಮೇಲೆ ಚೌಕಾಬಾರ ಬರೆಯುವುದು ಎಂದು ನಿರ್ಧರಿಸಿದೆ. ಐದು ಸಾಲು, ಸಾಲಿಗೆ ಐದು ಮನೆ, ಒಂದೊಂದು ಮನೆ ಮಗು ನಿಲ್ಲುವಷ್ಟು ದೊಡ್ಡದು. ಕಾಯಿಗಳೇ ಮಕ್ಕಳು. ಕವಡೆಗೆ ಏನು ಮಾಡುವುದೆಂದು ಯೋಚಿಸುವಾಗ ಅಪ್ಪ ನಾಲ್ಕು ತೆಂಗಿನ ಚಿಪ್ಪುಗಳನ್ನು ಉಜ್ಜಿ, ಅಂಚು ಸಮ ಮಾಡಿ ತಂದಿಟ್ಟರು. ಬಾಯಿ ಮೇಲಾಗಿ ಬಿದ್ದಷ್ಟು ಲೆಕ್ಕ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು. ಅಂಚು ಉಜ್ಜಿದ ರೀತಿಯಲ್ಲಿ ಲೇತಿನ ಕೈ ಕಾಣುತ್ತಿತ್ತು.

ನಾಲ್ಕು ದಿಕ್ಕಿನ ಕಟ್ಟೆ ಮನೆಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಹಳದಿ ಡಬ್ಬಗಳು. ಕಿರಾಣಿ ಅಂಗಡಿಯ ಬಿಸ್ಕತ್ತಿನ ರಟ್ಟುಗಳಿಗೆ ಹಳದಿ ಕಾಗದ ಅಂಟಿಸಿದ್ದು. ನಾಣ್ಯದ ಬದಲು ಮಂಡಕ್ಕಿ ಉಂಡೆ. ಹಸಿರು ಪೈಪಿಗೆ ಪಕ್ಕದ ಮನೆಯವರ ಹಳೆಯ ಡ್ರಮ್ಮು. ಒಟ್ಟು ಖರ್ಚು 2,140 ರೂಪಾಯಿ, ಅದರಲ್ಲಿ ಕೇಕಿನದೇ ಅರ್ಧ. ಕೇಕ್ ಬೇಡವೆನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಾರಿಯೋನನ್ನು ಬರೆದವರು ಅಮ್ಮ. ಈ ಗೊಂಬೆ ಮೊದಲು ಕಾಣಿಸಿಕೊಂಡದ್ದು 1981ರಲ್ಲಿ, 'ಡಾಂಕಿ ಕಾಂಗ್' ಎಂಬ ಆಟದಲ್ಲಿ. ತನ್ನದೇ ಪ್ರಸಿದ್ಧ ಆಟ ಬಂದದ್ದು 1985ರಲ್ಲಿ. ಅಂದಿನ ಯಂತ್ರಗಳಲ್ಲಿ ಒಂದು ಆಕೃತಿಗೆ ಸಿಗುತ್ತಿದ್ದುದು ಕೆಲವೇ ಚೌಕಗಳು. ಕೂದಲು ಬರೆಯಲಾಗದ್ದಕ್ಕೆ ಟೋಪಿ, ಬಾಯಿ ಬರೆಯಲಾಗದ್ದಕ್ಕೆ ಮೀಸೆ. 1985ರ ಆ ಇಡೀ ಆಟದ ಗಾತ್ರ 40 ಕಿಲೋಬೈಟ್. ನಾವು ದಿನಾ ಕಳಿಸುವ ಶುಭೋದಯದ ಚಿತ್ರವೊಂದು ಅದಕ್ಕಿಂತ ಭಾರವಾಗಿರುತ್ತದೆ. ಮೋಡವನ್ನೇ ಹಸಿರು ಬಣ್ಣ ಹಚ್ಚಿ ಪೊದೆ ಮಾಡಿದ್ದಾರೆ ಅದರಲ್ಲಿ. ಇದನ್ನು ಹೇಳಿದಾಗ ಅಮ್ಮನಿಗೆ ಆಟದ ಮೇಲೆ ಒಮ್ಮೆಲೇ ಗೌರವ ಬಂತು. ಹಳೆ ಸೀರೆಯಲ್ಲಿ ಕೌದಿ ಹೊಲಿಯುವವರಿಗೆ ಇದು ಅರ್ಥವಾಗುವ ಬುದ್ಧಿ.

ಚೌಕುಳಿ ಹಾಳೆಯಲ್ಲಿ ಮುದ್ರಿಸಿಕೊಟ್ಟ ಚಿತ್ರವನ್ನು ಅವರು ಸ್ವಲ್ಪ ಹೊತ್ತು ನೋಡಿ, "ಇದು ಚುಕ್ಕಿ ರಂಗೋಲಿನೇ ಅಲ್ಲೇನೋ, ಗೆರಿ ಎಳಿಯೋದಿಲ್ಲ ಅಷ್ಟೇ" ಅಂದರು. ಹದಿನಾರಕ್ಕೆ ಹದಿನಾರು ಚುಕ್ಕಿ ಇಟ್ಟು, ಎಣಿಸಿ ಎಣಿಸಿ ಬಣ್ಣ ತುಂಬಿದರು. ಕಂದು ಬಣ್ಣದ ಪುಡಿ ಸಿಗದೆ ಮೀಸೆಗೆ ರಾಗಿ ಹಿಟ್ಟು ಹಾಕಿದರು. ಸಂಜೆಯ ಹೊತ್ತಿಗೆ ಮೀಸೆ ಪೂರ್ತಿ ಇರುವೆ.

ಆಟದ ಹದಿನೈದನೇ ನಿಮಿಷಕ್ಕೆ ಜಗಳ ಬಿತ್ತು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊಡೆಸಿಕೊಂಡವನು ತನ್ನ ಕಟ್ಟೆಗೆ ವಾಪಸು. ಹುಟ್ಟುಹಬ್ಬದ ಹುಡುಗನೇ ಎರಡು ಸಲ ಹೊಡೆಸಿಕೊಂಡು ಅಳತೊಡಗಿದ. "ನಂದು ಇನ್ನೂ ಒಂದು ಲೈಫ್ ಐತಿ, ಮೂರು ಇರ್ತಾವ" ಎಂದು ವಾದ. ಓಣಿಯ ಒಬ್ಬ ಹುಡುಗಿ, ಎಂಟೋ ಒಂಬತ್ತೋ ಇರಬೇಕು, ಅವನಿಗೆ ಬುದ್ಧಿ ಹೇಳಿದಳು: "ಇದ್ರಾಗ ಲೈಫ್ ಮುಗಿಯಂಗಿಲ್ಲೋ, ಎಷ್ಟು ಸಲ ಸತ್ರೂ ಮತ್ತ ಬರಬೋದು."

ಅವಳು ಹೇಳಿದ್ದು ಸರಿ. ಮೂರು ಜೀವದ ನಿಯಮ ಬೆಳೆದದ್ದು ನಾಣ್ಯ ಹಾಕಿ ಆಡುವ ಯಂತ್ರಗಳಿಂದ. ಆಟ ಬೇಗ ಮುಗಿದರೆ ಇನ್ನೊಂದು ನಾಣ್ಯ ಬೀಳುತ್ತದೆ. ಜಗಲಿಯ ಮೇಲೆ ಬರೆದ ಮನೆಗೆ ಯಾರೂ ಕಾಸು ಹಾಕುತ್ತಿರಲಿಲ್ಲ, ಆದ್ದರಿಂದ ಯಾರನ್ನೂ ಹೊರಗಟ್ಟುವ ಅವಸರವಿರಲಿಲ್ಲ. ಹುಡುಗ ಕಣ್ಣೊರೆಸಿಕೊಂಡು ಮತ್ತೆ ಚಿಪ್ಪು ಎಸೆದ. ಗೆದ್ದವಳು ಆ ಹುಡುಗಿಯೇ.

ಕೇಕ್ ಕತ್ತರಿಸಿ, ಖಾರ ಮಂಡಕ್ಕಿ ತಿಂದು, ಮಕ್ಕಳೆಲ್ಲ ಇಳಿದು ಹೋದ ಮೇಲೆ ಅವನು ಉಳಿದ ಸೀಮೆಸುಣ್ಣದಲ್ಲಿ ನೀರಿನ ಟ್ಯಾಂಕಿನ ಗೋಡೆಯ ಮೇಲೆ ಆಟಗಾರರ ಪಟ್ಟಿ ಬರೆಯುತ್ತಿದ್ದ. ಹೆಸರು, ಎದುರಿಗೆ ಬರ್ತ್‌ಡೇ. ಅಮ್ಮನದು ಬರೆದ, ನನ್ನದು ಬರೆದ. "ಅಜ್ಜ, ನಿಂದು?"

"ಜೂನ್ ಒಂದು ಅಂತ ಬರಿ. ಸರ್ಕಾರಿ ಲೆಕ್ಕ."

"ಖರೇ ಯಾವಾಗ?"

ಅಪ್ಪ ಸ್ವಲ್ಪ ತಡೆದು, "ನಾಗರ ಪಂಚಮಿ ಆದ ಮೂರನೇ ದಿನ ಅಂತಿದ್ಳು ನಮ್ಮವ್ವ" ಅಂದರು. ಅದು ಎಷ್ಟನೇ ತಾರೀಖು ಎಂದು ಕೇಳಿದ. ವರ್ಷ ವರ್ಷ ಬದಲಾಗುತ್ತದೆ ಎಂದಾಗ ಅವನಿಗೆ ಅದು ಭಾರಿ ಮಜಾ ಅನಿಸಿತು. ಓಡಾಡುವ ಬರ್ತ್‌ಡೇ! ಜೂನ್ 1ನ್ನು ಅಂಗೈಯಿಂದ ಒರೆಸಿ, ಅಜ್ಜ ಎಂಬ ಹೆಸರಿನ ಎದುರು 'ಪಂಚಮಿ + 3' ಎಂದು ಬರೆದ.

ಅಪ್ಪ ಹತ್ತಿರ ಹೋಗಿ ನೋಡಿದರು. "ಪಂಚಮಿ ದಿನಾನೂ ಸೇರಿಸಿ ಎಣಿಸಿದ್ರ ಎರಡು ಆಗ್ತತಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅವ್ವ ಯಾವುದನ್ನ ಹಿಡಿದು ಎಣಿಸ್ತಿದ್ಳೋ ಏನೋ. ಇದ್ದಾಗ ಕೇಳಬೇಕಿತ್ತು" ಅಂದರು.