ಚೆಂಡಿಗಿಲ್ಲದ ಮೈಲಿಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳ ಯಾವುದಾದರೂ ಊರಿನ ಸ್ಕೂಲ್ ಬಯಲಿಗೆ ಸಂಜೆ ಹೋಗಿ ಕಬಡ್ಡಿ ನೋಡಿ. ಕೇರಿಯ ಹುಡುಗ ನುಗ್ಗಿದರೆ ಊರಿನ ಹುಡುಗರು ಕಾಲು, ಸೊಂಟ ತಬ್ಬಿ ಕೆಡವುತ್ತಾರೆ. ಬೆವರಿಗೆ ಬೆವರು ತಾಗುತ್ತದೆ. ನಾವೂ ಹೀಗೇ ಆಡಿ ಬೆಳೆದವರು. ಆಟ ಮುಗಿದ ಮೇಲೆ, ನಮ್ಮನ್ನು ತಬ್ಬಿ ಕೆಡವಿದ್ದ ಗೆಳೆಯನೇ ಚೊಂಬು ಎತ್ತಿ ಹಿಡಿದು ಮೇಲಿಂದ ನೀರು ಹೊಯ್ಯುತ್ತಿದ್ದ. ನಾವು ಬೊಗಸೆ ಒಡ್ಡಿ ಕುಡಿಯುತ್ತಿದ್ದೆವು. ಅದು ಅವಮಾನ ಅಂತ ಆಗ ನಮಗೆ ಅನ್ನಿಸಲೇ ಇಲ್ಲ. ಅನ್ನಿಸದ ಹಾಗೆ ನಮ್ಮನ್ನು ಬೆಳೆಸಿದ್ದರು.

ಎಷ್ಟೋ ವರ್ಷದ ಮೇಲೆ ಹಾಸನದ ಹಾಸ್ಟೆಲಿನ ಗೋಡೆಯ ಮೇಲೆ ಒಂದು ಚಿತ್ರ ನೋಡಿದೆವು. ೧೯೬೮ರ ಅಕ್ಟೋಬರ್, ಮೆಕ್ಸಿಕೋ ಒಲಿಂಪಿಕ್ಸ್. ೨೦೦ ಮೀಟರ್ ಓಟದಲ್ಲಿ ಚಿನ್ನ ಗೆದ್ದ ಟಾಮಿ ಸ್ಮಿತ್, ಕಂಚು ಗೆದ್ದ ಜಾನ್ ಕಾರ್ಲೋಸ್, ಇಬ್ಬರೂ ಕರಿಯರು, ಅಮೆರಿಕದ ರಾಷ್ಟ್ರಗೀತೆ ನುಡಿಯುವಾಗ ತಲೆ ತಗ್ಗಿಸಿ ಕಪ್ಪು ಕೈಚೀಲ ತೊಟ್ಟ ಮುಷ್ಟಿ ಎತ್ತಿ ನಿಂತಿದ್ದಾರೆ. ಕಾಲಲ್ಲಿ ಬೂಟಿಲ್ಲ, ಬರೀ ಕಪ್ಪು ಕಾಲುಚೀಲ. ತಮ್ಮ ಜನರ ಬಡತನ ಇದು ಅಂತ ಜಗತ್ತಿಗೆ ತೋರಿಸಿದ್ದು. ಇಬ್ಬರನ್ನೂ ತಂಡದಿಂದ ಹೊರಗೆ ಕಳಿಸಿದರು. ಜೊತೆಗೆ ನಿಂತು ಅವರ ಬ್ಯಾಡ್ಜ್ ಧರಿಸಿದ ಬಿಳಿಯ, ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಆ ಚಿತ್ರ ನಮ್ಮ ಮೈಯಲ್ಲಿ ಬೆಂಕಿ ಹಚ್ಚಿತು. ಆದರೆ ನಮ್ಮ ದೇಶದಲ್ಲಿ ಇಂಥದ್ದು ಯಾರು ಮಾಡಿದರು ಅಂತ ಕೇಳಿದರೆ ಯಾವ ಮೇಷ್ಟ್ರ ಬಳಿಯೂ ಉತ್ತರ ಇರಲಿಲ್ಲ.

ಉತ್ತರ ಇತ್ತು. ಮೆಕ್ಸಿಕೋಗಿಂತ ೪೮ ವರ್ಷ ಹಿಂದೆ.

ಪಾಲವಣಕರ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ೧೮೭೦ರ ದಶಕದಲ್ಲಿ. ಚಮ್ಮಾರ ಜಾತಿ. ಬೆಳೆದದ್ದು ಪುಣೆಯಲ್ಲಿ. ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ ಕೆಲಸ, ತಿಂಗಳಿಗೆ ೩ ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬು, ೪ ರೂಪಾಯಿ. ಅಲ್ಲಿ ಗ್ರೇಗ್ ಎಂಬ ಸಾಹೇಬನಿಗೆ ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಚೆಂಡೆಸೆದು ಎಸೆದು ಎಡಗೈ ಸ್ಪಿನ್ ಪಳಗಿತು. ಬ್ಯಾಟು ಮಾತ್ರ ಯಾವ ಸಾಹೇಬನೂ ಕೈಗೆ ಕೊಡಲಿಲ್ಲ. ದುಡಿಮೆ ಇವನದು, ಹೊಡೆತ ಅವರದು.

ಬಿಳಿಯರನ್ನು ಸೋಲಿಸಬೇಕೆಂಬ ಆಸೆ ಪುಣೆಯ ಸವರ್ಣೀಯರಿಗೂ ಇತ್ತು. ಬಾಳೂವನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಬ್ರಾಹ್ಮಣರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವನು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಊಟಕ್ಕೆ ಬೇರೆ ಮೇಜು. ನಮ್ಮ ಕಬಡ್ಡಿ ಬಯಲಿನ ಚೊಂಬಿನ ಕತೆಯೇ ಅಲ್ಲವೇ ಇದು?

ಪ್ಲೇಗು ಬಂದಾಗ ಬಾಳೂ ಬೊಂಬಾಯಿಗೆ ಹೋದ. ೧೯೦೬ರಲ್ಲಿ ಹಿಂದೂ ತಂಡ ಯೂರೋಪಿಯನ್ನರನ್ನು ೧೦೯ ರನ್ನುಗಳಿಂದ ಸೋಲಿಸಿದ್ದರಲ್ಲಿ ಬಾಳೂ ಮತ್ತು ತಮ್ಮ ಶಿವರಾಮನ ಪಾಲು ದೊಡ್ಡದು. ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಮಾತ್ರ ಅವನಿಗೆ ದಕ್ಕಲಿಲ್ಲ. ಗೆದ್ದುಕೊಡೋಕೆ ಹೊಲೆಮಾದಿಗ ಬೇಕು, ಮುಂದೆ ನಿಲ್ಲೋಕೆ ಬೇಡ!

೧೯೨೦ರಲ್ಲಿ ಬಾಳೂವನ್ನು ತಂಡದಿಂದಲೇ ಕೈಬಿಟ್ಟರು. ನಾಯಕ ಎಂ.ಡಿ. ಪೈ ಕಾಯಿಲೆ ಬಿದ್ದಿದ್ದರು. ತಮ್ಮಂದಿರಾದ ವಿಠ್ಠಲ, ಶಿವರಾಮ ಹಿರಿಯ ಆಟಗಾರರಾಗಿದ್ದರೂ ನಾಯಕತ್ವ ಬ್ರಾಹ್ಮಣರಾದ ಡಿ.ಬಿ. ದೇವಧರರಿಗೆ ಹೋಯಿತು. ದೇವಧರ್ ಒಳ್ಳೆಯ ಆಟಗಾರರೇ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಅಣ್ಣತಮ್ಮಂದಿರು ಸುಮ್ಮನೆ ಕೂರಲಿಲ್ಲ. ನಾವು ಆಡೋದಿಲ್ಲ ಅಂತ ಹೊರಬಂದರು. ಇದು ಜಾತಿಯ ಅವಮಾನ ಅಂತ ಹೇಳಿಕೆ ಕೊಟ್ಟು ಊರಿಗೆಲ್ಲ ತಿಳಿಸಿದರು. ಒಳಗೊಳಗೇ ಕಣ್ಣೀರು ಹಾಕಿ ಮನೆಗೆ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗಲಾಟೆ ಎದ್ದಿತು. ಆಯ್ಕೆ ಸಮಿತಿ ಬಗ್ಗಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಬಾಳೂ ಉಪನಾಯಕ, ತಮ್ಮಂದಿರೂ ವಾಪಸ್. ಪೈ ಬೇಕೆಂದೇ ಮೈದಾನ ಬಿಟ್ಟು ಹೊರಗೆ ನಡೆದು ಬಾಳೂ ತಂಡ ನಡೆಸುವಂತೆ ಮಾಡಿದರು. ೧೯೨೩ರಲ್ಲಿ ವಿಠ್ಠಲನೇ ಹಿಂದೂ ತಂಡದ ನಾಯಕನಾದ, ಗೆದ್ದ.

ಸಮಿತಿಯ ಮನಸ್ಸು ಕರಗಿತು ಅಂತ ನಾವು ನಂಬುವುದಿಲ್ಲ. ಇವರಿಲ್ಲದೆ ಗೆಲ್ಲೋದು ಕಷ್ಟ ಅಂತ ಗೊತ್ತಿತ್ತು. ನಮ್ಮ ಕಡೆ ಹಬ್ಬಕ್ಕೆ ತಮಟೆ ಬಡಿಯೋದಿಲ್ಲ, ಸತ್ತ ದನ ಹೊರೋದಿಲ್ಲ ಅಂತ ಕೇರಿ ನಿಂತಾಗಲೂ ಇದೇ ಲೆಕ್ಕ. ವ್ಯತ್ಯಾಸ ಒಂದಿದೆ. ಬೊಂಬಾಯಿಯಲ್ಲಿ ಪತ್ರಿಕೆಗಳಿದ್ದವು, ಸಾವಿರಾರು ಪ್ರೇಕ್ಷಕರಿದ್ದರು. ಕೇರಿಗೆ ಸಿಕ್ಕಿದ್ದು ಬಹಿಷ್ಕಾರ: ಕೂಲಿ ಬಂದ್, ಅಂಗಡಿ ಬಂದ್. ೨೦೨೧ರಲ್ಲೂ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ನಮ್ಮ ಜನ ಗುಡಿಯೊಳಗೆ ಕಾಲಿಡಬೇಕಾದರೆ ಅಧಿಕಾರಿಗಳು ಬಂದು ನಿಲ್ಲಬೇಕಾಯಿತು.

ಬಾಳೂ ಬಗ್ಗೆ ಇನ್ನೊಂದು ಮಾತು ಮುಚ್ಚಿಡಬಾರದು. ೧೯೩೭ರ ಬೊಂಬಾಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಬಾಬಾಸಾಹೇಬರ ಎದುರೇ ನಿಲ್ಲಿಸಿತು. ಸುಮಾರು ಎರಡು ಸಾವಿರ ಮತಗಳಿಂದ ಬಾಳೂ ಸೋತರು. ನಮ್ಮವರನ್ನು ನಮ್ಮವರ ಮೇಲೇ ಎತ್ತಿಕಟ್ಟುವ ಆಟ ಹಳೆಯದು. ಆದರೂ ೧೯೨೦ರ ಆ ಹೆಜ್ಜೆ ಅಳಿಸಿಹೋಗುವುದಿಲ್ಲ. ೧೯೫೫ರಲ್ಲಿ ಬಾಳೂ ತೀರಿಕೊಂಡರು.

ಮೊನ್ನೆ ಅರಕಲಗೂಡು ಕಡೆಯ ಗೆಳೆಯ ಮೇಷ್ಟ್ರೊಬ್ಬರು ಈ ಕತೆಯನ್ನು ಏಳನೇ ಕ್ಲಾಸಿಗೆ ಹೇಳಿದರಂತೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಟೀ ಕುಡಿದ ಮೇಲೆ ಆ ಕುಡಿಕೆ ಏನ್ ಮಾಡ್ತಿದ್ರು ಸಾ?" ಅಂದ. ಬಿಸಾಕ್ತಿದ್ರು ಕಣೋ ಅಂದರು ಮೇಷ್ಟ್ರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನಂತೆ: "ನಮ್ಮೂರ ಹೋಟ್ಲಲ್ಲಿ ಊರೋರ್ಗೆ ಗಾಜಿನ ಲೋಟ ಸಾ. ನಮ್ಗೆ ಪ್ಲಾಸ್ಟಿಕ್ಕು."