ಹಲ್ಲಿಲ್ಲದ ಬಾಯಿಗೆ ದವಡೆಯ ಅಳತೆ

ಒಂದೂ ಹಲ್ಲು ಉಳಿಯದವರಿಗೆ ಪೂರ್ಣ ಕೃತಕ ದಂತಪಂಕ್ತಿ ಕಟ್ಟುವಾಗ ದಂತವೈದ್ಯರಿಗೆ ಎದುರಾಗುವ ಕಠಿಣ ಪ್ರಶ್ನೆ ಹಲ್ಲಿನ ಬಣ್ಣದ್ದಲ್ಲ, ಕೆಳದವಡೆ ಎಲ್ಲಿ ನಿಲ್ಲಬೇಕೆಂಬುದು. ಹಲ್ಲಿದ್ದಾಗ ಬಾಯಿ ಮುಚ್ಚಿದರೆ ದವಡೆ ತಾನಾಗಿಯೇ ಒಂದು ನೆಲೆಗೆ ಬರುತ್ತದೆ. ಹಲ್ಲು ಹೋದ ಮೇಲೆ ಆ ತಡೆ ಇರುವುದಿಲ್ಲ. ಗದ್ದ ಮೂಗಿನತ್ತ ಸರಿಯುತ್ತದೆ.

ಬಾಯಿಯ ಅಚ್ಚು ತೆಗೆದ ಬಳಿಕ ವಸಡಿನ ಮೇಲೆ ಮೇಣದ ದಿಂಡುಗಳನ್ನು ಕೂರಿಸಿ ಅಳತೆ ಆರಂಭಿಸಲಾಗುತ್ತದೆ. ಮೊದಲನೆಯದು ಎತ್ತರ. ಮೂಗಿನ ತುದಿಗೂ ಗದ್ದಕ್ಕೂ ಚುಕ್ಕೆಯಿಟ್ಟು, ದವಡೆ ಸಡಿಲವಾಗಿರುವಾಗ ಅಂತರ ಅಳೆಯುತ್ತಾರೆ. ಹಲ್ಲುಗಳು ಕೂಡಿದಾಗ ಈ ಅಂತರ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಕಡಿಮೆಯಾಗಬೇಕು. ಎತ್ತರ ಹೆಚ್ಚಾದರೆ ಮಾತಿನ ನಡುವೆ ಹಲ್ಲುಗಳು ಟಕಟಕ ಬಡಿಯುತ್ತವೆ, ವಸಡು ನೋಯುತ್ತದೆ. ಕಡಿಮೆಯಾದರೆ ಮುಖ ಕುಗ್ಗುತ್ತದೆ, ಬಾಯಿಯ ಅಂಚು ಬಿರಿಯಬಹುದು. ಮಾತಾಡಿಸಿಯೂ ಪರೀಕ್ಷಿಸುವುದುಂಟು: ‘ಸಾಸಿವೆ’ಯಂತಹ ಪದ ಉಚ್ಚರಿಸುವಾಗ ಮೇಲಿನ, ಕೆಳಗಿನ ಹಲ್ಲುಗಳು ಹತ್ತಿರ ಬರಬೇಕು, ತಾಗಬಾರದು.

ಹಿಂದು-ಮುಂದಿನ ನೆಲೆ ಇನ್ನೂ ಜಟಿಲ. ‘ಕಚ್ಚಿ’ ಎಂದೊಡನೆ ಅನೇಕರು, ವಿಶೇಷವಾಗಿ ಬಹುಕಾಲ ಹಲ್ಲಿಲ್ಲದೆ ಇದ್ದ ಹಿರಿಯರು, ದವಡೆಯನ್ನು ಮುಂದೂಡುತ್ತಾರೆ. ಆದ್ದರಿಂದ ನಾಲಿಗೆಯ ತುದಿಯನ್ನು ಅಂಗುಳಿನ ಹಿಂಭಾಗಕ್ಕೆ ತಾಗಿಸಿ ಬಾಯಿ ಮುಚ್ಚಲು ಹೇಳುವುದು ವಾಡಿಕೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಗೈಸಿ 20ನೇ ಶತಮಾನದ ಆರಂಭದಲ್ಲಿ ಪ್ರಚಾರಕ್ಕೆ ತಂದ ವಿಧಾನದಲ್ಲಿ, ಸೂಜಿಯೊಂದು ದವಡೆಯ ಚಲನೆಯನ್ನು ಬಾಣದ ಮೊನೆಯಂತೆ ಗೀಚುತ್ತದೆ; ಆ ಮೊನೆಯೇ ಬೇಕಾದ ನೆಲೆ.

ಯಾವ ವಿಧಾನವೂ ಒಂಟಿಯಾಗಿ ಸಾಲದು. ಹೀಗಾಗಿ ಹಲ್ಲುಗಳನ್ನು ಮೇಣದಲ್ಲೇ ಜೋಡಿಸಿ ರೋಗಿಗೆ ಒಮ್ಮೆ ತೊಡಿಸಿ ನೋಡಲಾಗುತ್ತದೆ. ಅನಾನುಕೂಲವಿದ್ದರೆ ಸಂಕೋಚವಿಲ್ಲದೆ ಹೇಳಬೇಕಾದುದು ಆಗಲೇ. ಅಕ್ರಿಲಿಕ್‌ನಲ್ಲಿ ಗಟ್ಟಿಯಾದ ಮೇಲೆ ದೊಡ್ಡ ದೋಷ ಕಂಡರೆ ಅಳತೆ ಮತ್ತೆ ಮೊದಲಿನಿಂದ.