ಹಳೇ ಶೆಡ್ಡಿಗೆ ಕೋಳಿ ಹೊಕ್ಕ ಕಥೆ



ಊರಲ್ಲಿ ಒಂದು ಹಳೇ ಕೊಟ್ಟಿಗೆಯೋ, ತೆಂಗಿನಕಾಯಿ ತುಂಬ್ತಿದ್ದ ಶೆಡ್ಡೋ ಖಾಲಿ ಬಿದ್ದಿರುತ್ತೆ. ದನ ಮಾರಿ ಆಗಿದೆ, ಮಕ್ಕಳೆಲ್ಲ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದಾರೆ. ರಜೆಗೆ ಹೋದಾಗ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ಸುಮ್ನೆ ಹಾಳು ಬಿಡೋ ಬದಲು ಇದಕ್ಕೆ ಜಾಲರಿ ಹೊಡೆಸಿ ಕೋಳಿ ಬಿಡಬಹುದಲ್ವಾ?"

ಬಿಡಬಹುದು. ಆದ್ರೆ ಕೋಳಿ ಶೆಡ್ಡಿನ ಒಳಗೆ ಹೋದ ಮೇಲೆ ಅದರ ಯಜಮಾನಿಕೆ ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದು ಸುಮಾರು ನೂರು ವರ್ಷದ ಇತಿಹಾಸ. ಇವತ್ತಿನ ಮಾತು ಅದರ ಬಗ್ಗೆ.

ಮೊದಲಿಗೆ, ಕೋಳಿಗೆ ಅಂತ ಮನೆಯೇ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹಗಲೆಲ್ಲ ತಿಪ್ಪೆ ಕೆದರಿಕೊಂಡು ಓಡಾಡ್ತಿತ್ತು, ಸಂಜೆ ಆದ್ರೆ ಮಂಕರಿ ಮುಚ್ಚಿ ಮೇಲೊಂದು ಕಲ್ಲು ಹೇರಿದ್ರೆ ಮುಗೀತು. ಮೊಟ್ಟೆ ಮಾರಿದ ಪುಡಿಗಾಸು ಹೆಂಗಸರ ಸೆರಗಿನ ಗಂಟಿಗೆ ಹೋಗ್ತಿತ್ತು. ಅದರ ಲೆಕ್ಕವನ್ನ ಗಂಡಸರು ಕೇಳ್ತಿರಲಿಲ್ಲ. ಅಮೆರಿಕ, ಇಂಗ್ಲೆಂಡಿನ ರೈತರ ಮನೆಗಳಲ್ಲೂ ಹೀಗೇ ಇತ್ತು. ಹೊಲದ ಆದಾಯ ಗಂಡಂದು, ಮೊಟ್ಟೆ ದುಡ್ಡು ಹೆಂಡತೀದು.

ಹಾಗಾದ್ರೆ ಒಂದು ದೊಡ್ಡ ಶೆಡ್ಡಿನಲ್ಲಿ ಸಾವಿರ ಕೋಳಿ ಕೂಡಿ ಹಾಕೋ ಯೋಚನೆ ಯಾರಿಗೂ ಬರಲಿಲ್ವಾ? ಬಂತು. ಕೂಡಿ ಹಾಕಿದ್ರು. ಕೋಳಿಗಳ ಕಾಲು ಬಿದ್ದುಹೋಯ್ತು. ಚಳಿಗಾಲದಲ್ಲಿ ಒಳಗೇ ಬೆಳೆದ ಮರಿಗಳು ಎದ್ದು ನಿಲ್ಲೋಕಾಗದೆ ಸಾಯ್ತಿದ್ವು. ಕತ್ತಲೆ ಅಂತ ಕೆಲವರು ದೊಡ್ಡ ದೊಡ್ಡ ಗಾಜಿನ ಕಿಟಕಿ ಇಡಿಸಿದ್ರು, ಆಗಲೂ ಪ್ರಯೋಜನ ಆಗಲಿಲ್ಲ. ಕಾರಣ ಗೊತ್ತಾಗಿದ್ದು 1920ರ ದಶಕದಲ್ಲಿ. 1922ರ ಹೊತ್ತಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಾರ್ಟ್, ಹಾಲ್ಪಿನ್, ಸ್ಟೀನ್‌ಬಾಕ್ ಅನ್ನೋ ಮೂವರು ಇದೇ ಕಾಲಿನ ರೋಗದ ಬೆನ್ನು ಹತ್ತಿದ್ರು. ಮೂಳೆ ಗಟ್ಟಿಯಾಗೋಕೆ ವಿಟಮಿನ್ ಡಿ ಬೇಕು, ಅದು ಮೈಗೆ ಬಿಸಿಲು ಬಿದ್ದಾಗ ಹುಟ್ಟುತ್ತೆ. ಬಿಸಿಲಿನಲ್ಲಿರೋ ಆ ನೇರಳಾತೀತ ಕಿರಣವನ್ನ ಕಿಟಕಿ ಗಾಜು ತಡೆದುಬಿಡುತ್ತೆ. ಬೆಳಕು ಬಂತು, ಬೇಕಾದ್ದು ಬರಲಿಲ್ಲ! ಆಮೇಲೆ ಮೇವಿಗೆ ಕಾಡ್ ಮೀನಿನ ಎಣ್ಣೆ ಬೆರೆಸೋಕೆ ಶುರು ಮಾಡಿದ್ರು. ಅಂಗಳಕ್ಕೇ ಇಳಿಯದ ಕೋಳಿ ಸಾಧ್ಯವಾಗಿದ್ದು ಆ ಎಣ್ಣೆಯಿಂದ. ಶೆಡ್ಡಿನ ಇತಿಹಾಸದಲ್ಲಿ ತಗಡು, ಸಿಮೆಂಟಿಗಿಂತ ಇದು ದೊಡ್ಡ ವಿಷಯ ಅಂತ ನನ್ನ ಅಭಿಪ್ರಾಯ.

ಈಗ ಅಮೆರಿಕದ ಡೆಲವೇರ್ ರಾಜ್ಯಕ್ಕೆ ಹೋಗೋಣ. ಸಮುದ್ರದ ಹತ್ತಿರ ಓಷನ್ ವ್ಯೂ ಅಂತ ಸಣ್ಣ ಊರು. ಅಲ್ಲಿ ಸೆಸಿಲ್ ಸ್ಟೀಲ್ ಅನ್ನೋ ಹೆಂಗಸು, ಗಂಡ ವಿಲ್ಮರ್ ಕೋಸ್ಟ್ ಗಾರ್ಡಿನಲ್ಲಿ ನೌಕರಿ. 1923ರಲ್ಲಿ ಈಕೆ ಮೊಟ್ಟೆ ಕೋಳಿಗಾಗಿ ಹ್ಯಾಚರಿಗೆ 50 ಮರಿ ಹೇಳಿಕಳಿಸಿದಳು. ಅವರು ಒಂದು ಸೊನ್ನೆ ಜಾಸ್ತಿ ಓದಿಕೊಂಡ್ರು, 500 ಬಂತು. ವಾಪಸ್ ಕಳಿಸಬಹುದಿತ್ತು, ಕಳಿಸಲಿಲ್ಲ. ಪಿಯಾನೋ ಬಂದಿದ್ದ ಖಾಲಿ ಮರದ ಪೆಟ್ಟಿಗೆಯೊಳಗೆ ಮರಿಗಳನ್ನ ಇಟ್ಟಳು, ಆಮೇಲೆ ಒಂದು ಸಣ್ಣ ಶೆಡ್ ಕಟ್ಟಿಸಿದಳು.

ಪಿಯಾನೋ ಪೆಟ್ಟಿಗೆ ಅಂದಾಗ ನಗು ಬರಬಹುದು, ಆದ್ರೆ ಅದು ಆಗ ಮಾಮೂಲು. ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸರ್ಕಾರವೇ ಪೋಸ್ಟರ್ ಅಂಟಿಸಿ, ಮನೆಯಲ್ಲಿ ತಲೆಗೆ ಎರಡರಂತೆ ಹಿತ್ತಲಲ್ಲಿ ಕೋಳಿ ಸಾಕಿ ಅಂತ ಜನಕ್ಕೆ ಹೇಳ್ತಿತ್ತು. ಹಳೇ ಪೆಟ್ಟಿಗೆ, ಹಳೇ ಶೆಡ್, ಕೈಗೆ ಸಿಕ್ಕಿದ್ದೆಲ್ಲ ಕೋಳಿಗೂಡಾಯ್ತು.

ಸೆಸಿಲ್ ಕಥೆಗೆ ವಾಪಸ್ ಬರೋಣ. 18 ವಾರ ಸಾಕಿದಳು. 500ರಲ್ಲಿ ಉಳಿದಿದ್ದು 387. ಒಂದೊಂದೂ ಎರಡು ಪೌಂಡ್ ತೂಕ, ಅಂದ್ರೆ ಒಂದು ಕೆಜಿಗೂ ಕಡಿಮೆ. ಇವತ್ತಿನ ಬ್ರಾಯ್ಲರ್ ಐದಾರು ವಾರದಲ್ಲಿ ಎರಡು ಕೆಜಿ ದಾಟುತ್ತೆ, ಅದು ಬೇರೆ ಮಾತು. ಆಕೆಗೆ ಸಿಕ್ಕಿದ್ದು ಪೌಂಡಿಗೆ 62 ಸೆಂಟ್. ಗುಣಿಸಿ ನೋಡಿದ್ರೆ ಹತ್ತಿರ ಹತ್ತಿರ 480 ಡಾಲರ್. ಮೊಟ್ಟೆ ಮಾರಿ ಯಾವ ಜನ್ಮಕ್ಕೆ ಅಷ್ಟು ಒಟ್ಟಾಗಬೇಕು! ಮುಂದಿನ ವರ್ಷ 1000 ಮರಿ ತರಿಸಿದಳು. 1926ಕ್ಕೆ 10,000 ಕೋಳಿಗೆ ಜಾಗ ಮಾಡಿಕೊಂಡಿದ್ರು. ಗಂಡ ಕೋಸ್ಟ್ ಗಾರ್ಡ್ ಕೆಲಸ ಬಿಟ್ಟು ಹೆಂಡತಿಯ ಕೋಳಿ ಕೆಲಸಕ್ಕೆ ಸೇರಿಕೊಂಡ. ಸುತ್ತಮುತ್ತಲಿನವರು ಇದನ್ನ ನೋಡಿ ತಾವೂ ಶೆಡ್ ಹಾಕಿದ್ರು.

ಆ ಶುರುವಿನ ಶೆಡ್ಡುಗಳಲ್ಲಿ ಒಂದು ಇವತ್ತಿಗೂ ಇದೆ. 16 ಅಡಿ ಉದ್ದ, 16 ಅಡಿ ಅಗಲ. 1974ರಲ್ಲಿ ಅದನ್ನ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದ್ರು. 256 ಚದರಡಿ ಆಯ್ತು. ಮುಂಬೈನವರಿಗೆ ಅಂದಾಜು ಸಿಗಲಿ ಅಂತ ಹೇಳ್ತೀನಿ, ಬಿಡಿಡಿ ಚಾಳಿನ ಒಂದು ಖೋಲಿ 160 ಚದರಡಿ.

ಈಗ ಯಜಮಾನಿಕೆಯ ವಿಷಯಕ್ಕೆ ಬರೋಣ. ಸೆಸಿಲ್ ಸ್ಟೀಲ್‌ಗೆ ಶೆಡ್ಡೂ ತನ್ನದು, ಕೋಳಿಯೂ ತನ್ನದು. ಆದ್ರೆ 10,000 ಕೋಳಿ ಸಾಕಬೇಕು ಅಂದ್ರೆ ಮೇವಿಗೇ ಮೈತುಂಬ ಸಾಲ. ಮೇವಿನ ವ್ಯಾಪಾರಿಗಳು ಸಾಲಕ್ಕೆ ಮೇವು ಕೊಟ್ರು, ಆಮೇಲೆ ಮರಿಯನ್ನೂ ಅವರೇ ಕೊಡೋಕೆ ಶುರು ಮಾಡಿದ್ರು. ರೇಟು ಬಿದ್ದಾಗ ರೈತ ಮುಳುಗ್ತಿದ್ದ, ಜೊತೆಗೆ ಅವನ ಸಾಲವೂ. ಕೊನೆಗೆ ಕಂಪನಿಗಳು ಹೊಸ ಏರ್ಪಾಡು ತಂದ್ವು. ಕೋಳಿ ನಮ್ಮದು, ಮೇವು ನಮ್ಮದು, ನೀನು ಶೆಡ್ಡಿನಲ್ಲಿ ಸಾಕಿಕೊಡು, ಕೂಲಿ ತಗೋ. ಎರಡನೇ ಮಹಾಯುದ್ಧ ಮುಗಿದು ಹತ್ತಿಪ್ಪತ್ತು ವರ್ಷದಲ್ಲಿ ಅಮೆರಿಕದ ಬ್ರಾಯ್ಲರ್ ಹೆಚ್ಚುಕಡಿಮೆ ಪೂರ್ತಿ ಹೀಗಾಯ್ತು. ಶೆಡ್ಡು ಮತ್ತು ಶೆಡ್ಡಿನ ಸಾಲ ರೈತನ ಪಾಲಿಗೆ, ಕೋಳಿ ಕಂಪನಿ ಪಾಲಿಗೆ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೆ ಥರ ನಡೀತು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಮೊಟ್ಟೆಗೂ ರೇಷನ್, ತಲೆಗೆ ವಾರಕ್ಕೆ ಒಂದು, ಅದೂ ಸಿಕ್ಕಿದ್ರೆ. ನೀವೇ ಕೋಳಿ ಸಾಕ್ತೀರಾದ್ರೆ ಆ ಮೊಟ್ಟೆ ರೇಷನ್ ಬಿಟ್ಟುಕೊಡಿ, ಬದಲಿಗೆ ಕೋಳಿ ಮೇವಿನ ರೇಷನ್ ಕೊಡ್ತೀವಿ ಅಂತ ಸರ್ಕಾರ ಹೇಳ್ತು. ಆ ಮೇವಿಗೆ ಮನೆಯ ಆಲೂಗಡ್ಡೆ ಸಿಪ್ಪೆ ಬೇಯಿಸಿ ಕಲಸಿ ಹಾಕೋದು. ಸೈಕಲ್ ಇಡೋ ಶೆಡ್, ಮುರುಕು ಹಲಗೆ, ಎಲ್ಲ ಗೂಡಾಯ್ತು. ಬಾಡಿಗೆ ಕರಾರಿನಲ್ಲಿ ಕೋಳಿ ಸಾಕಬಾರದು ಅಂತ ಬರೆದಿದ್ರೂ ಯುದ್ಧ ಮುಗಿಯೋವರೆಗೆ ಅದು ನಡೆಯಲ್ಲ ಅಂತ ಕಾನೂನೇ ತಂದ್ರು. ನಮ್ಮ ಹೌಸಿಂಗ್ ಸೊಸೈಟಿ ಸೆಕ್ರೆಟರಿಗಳು ಇದನ್ನ ಓದದಿರಲಿ! 1953ರಲ್ಲಿ ಮೊಟ್ಟೆ ರೇಷನ್ ಹೋಯ್ತು, ಅಂಗಡಿಯಲ್ಲಿ ಮೊಟ್ಟೆ ಸಿಗೋಕೆ ಶುರುವಾಯ್ತು, ಹಿತ್ತಲ ಗೂಡುಗಳೂ ಒಂದೊಂದಾಗಿ ಖಾಲಿಯಾದ್ವು.

ನಮ್ಮಲ್ಲಿ ಏನಾಯ್ತು ಅನ್ನೋದು ಹೈದರಾಬಾದ್, ಪುಣೆಯ ಕೇಳುಗರಿಗೆ ಅರ್ಧ ಗೊತ್ತಿರುತ್ತೆ. 1971ರಲ್ಲಿ ಬಿ. ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದ್ರು. ಮೊಟ್ಟೆಗೆ ವ್ಯಾಪಾರಿಗಳು ಕೂಗಿದ್ದೇ ರೇಟು ಅನ್ನೋ ಸ್ಥಿತಿ ಇದ್ದಾಗ, 1982ರಲ್ಲಿ ಅವರ ಮುಂದಾಳತ್ವದಲ್ಲಿ ರೈತರು ಸೇರಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿಕೊಂಡು ತಾವೇ ದರ ಹೇಳೋಕೆ ಶುರು ಮಾಡಿದ್ರು. ದೂರದರ್ಶನದ ಆ ಮೊಟ್ಟೆ ಜಾಹೀರಾತು ಇವರದ್ದೇ. ಮಾಂಸದ ಕೋಳಿ ಮಾತ್ರ ಡೆಲವೇರ್ ದಾರಿ ಹಿಡೀತು. 1990ರ ದಶಕದಲ್ಲಿ ತಮಿಳುನಾಡಿನ ಕೊಯಮತ್ತೂರು, ಉಡುಮಲೈಪೇಟೆ ಕಡೆಯಿಂದ ಕಾಂಟ್ರಾಕ್ಟ್ ಸಾಕಣೆ ಹಬ್ಬಿತು, ಕರ್ನಾಟಕಕ್ಕೂ ಬಂತು. ಮರಿ, ಮೇವು, ಔಷಧಿ ಕಂಪನಿಯದು. ಶೆಡ್, ಕರೆಂಟು, ನೀರು, ಆಳು ರೈತಂದು. ಕೋಳಿ ಎತ್ತಿದ ಮೇಲೆ ಕೆಜಿಗೆ ಇಷ್ಟು ಅಂತ ಕೂಲಿ. ರೇಟು ಬಿದ್ರೆ ಆ ಪೆಟ್ಟು ಕಂಪನಿಗೆ, ಇದು ಸಣ್ಣ ಅನುಕೂಲ ಅಲ್ಲ. ಆದ್ರೆ ಮುಂದಿನ ಬ್ಯಾಚು ಯಾವಾಗ ಅನ್ನೋದು ಅವರ ಕೈಯಲ್ಲಿ. ಬ್ಯಾಂಕಿನ ಕಂತು ಮಾತ್ರ ಶೆಡ್ ಖಾಲಿ ಇದ್ದ ತಿಂಗಳೂ ಬರುತ್ತೆ. ಮೊಟ್ಟೆ ದುಡ್ಡು ಸೆರಗಿಗೆ ಕಟ್ಟಿಕೊಳ್ತಿದ್ದ ಹೆಂಗಸು ಈಗ ಅದೇ ಶೆಡ್ಡಿನಲ್ಲಿ ಮೇವು ಸುರೀತಾಳೆ, ಚೆಕ್ ಬರೋದು ಕರಾರಿಗೆ ಸಹಿ ಹಾಕಿದವನ ಹೆಸರಿಗೆ.

ಆ ಕಂಪನಿಗಳಿಗೆ ನಿಮ್ಮ ಹಳೇ ಕೊಟ್ಟಿಗೆ ಬೇಕಾಗೂ ಇಲ್ಲ. ಅವರಿಗೆ ಬೇಕಿರೋದು ಸಾವಿರಾರು ಕೋಳಿ ಹಿಡಿಸೋ ಉದ್ದನೆ ಶೆಡ್, ಲಾರಿ ತಿರುಗೋ ದಾರಿ. ಹಾಗಾಗಿ ಹಳೇ ಶೆಡ್ಡಿಗೆ ಉಳಿದಿರೋದು ಇಂಗ್ಲೆಂಡಿನ ದಾರಿ, ಇಪ್ಪತ್ತೋ ಐವತ್ತೋ ಕೋಳಿ, ಮನೆಯವರದ್ದೇ ಲೆಕ್ಕ. ಇದಕ್ಕೆ ಅಂತಲೇ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಗಿರಿರಾಜ ಕೋಳಿ ತಯಾರು ಮಾಡಿದ್ರು. ಹಿತ್ತಲಲ್ಲಿ ಮೇಯುತ್ತೆ, ನಾಟಿ ಕೋಳಿಗಿಂತ ಬೇಗ ತೂಕ ಬರುತ್ತೆ.

ಕೊಟ್ಟಿಗೆಗೆ ಗೋಡೆ ಮೇಲಿನತನಕ ಇದ್ರೆ ಉದ್ದನೆ ಬದಿಯದ್ದನ್ನ ಒಂದೂವರೆ ಅಡಿ ಬಿಟ್ಟು ಒಡೆಸಿ, ಮೇಲಕ್ಕೆ ಜಾಲರಿ ಹಾಕಿಸಿ. ಸೂರಿನ ಭಾರ ಆ ಗೋಡೆ ಮೇಲಿದ್ರೆ ಮೇಸ್ತ್ರಿಯನ್ನ ಕೇಳಿ ಮೊದಲು ಕಂಬ ಕೊಡಿಸಿ. ಗಾಳಿ ಆಡದಿದ್ರೆ ಹಿಕ್ಕೆಯ ಅಮೋನಿಯಾ ನಿಮ್ಮ ಕಣ್ಣಿಗಿಂತ ಮೊದಲು ಕೋಳಿಯ ಕಣ್ಣು ಸುಡುತ್ತೆ. ನೆಲಕ್ಕೆ ಭತ್ತದ ಹೊಟ್ಟು. ಅಡ್ಡಕ್ಕೆ ಒಂದೆರಡು ಬೊಂಬು ಕಟ್ಟಿ, ಕಾಡುಕೋಳಿ ರಾತ್ರಿ ಮರದ ಕೊಂಬೆ ಹತ್ತಿ ಕೂರ್ತಿತ್ತು, ಇದಕ್ಕೂ ಆ ಚಾಳಿ ಹೋಗಿಲ್ಲ. ಇನ್ನು ಜಾಲರಿ. ಆರು ಮೂಲೆಯ ಕಣ್ಣಿನ ತೆಳು ತಂತಿ ಜಾಲರಿಯನ್ನ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ 1844ರಲ್ಲಿ, ಬಟ್ಟೆ ನೇಯೋ ಮಗ್ಗ ನೋಡಿ ಮಾಡಿದ್ದು. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ, ನಾಯಿ ಬಂದ್ರೆ ಹರಿದುಕೊಂಡೇ ಒಳಗೆ ನುಗ್ಗುತ್ತೆ. ಹಾಗಾಗಿ ಕೆಳಗಿನ ಎರಡು ಅಡಿಗೆ ಸಣ್ಣ ಕಣ್ಣಿನ ವೆಲ್ಡ್ ಮೆಶ್ಶೇ ಹಾಕಿಸಿ, ಮುಂಗುಸಿ ತೋಡದ ಹಾಗೆ ಒಂದಡಿ ಮಣ್ಣೊಳಗೆ ಹೂತು.